ಹಬೆ ನಿಲ್ಲುವ ತನಕ

ಗುರುಪಾದಸ್ವಾಮಿಯವರು ಊಟ ಬಿಟ್ಟು ಆ ಗುರುವಾರಕ್ಕೆ ಇಪ್ಪತ್ತೆರಡು ದಿನ. ಊಟ ಬಿಟ್ಟಿದ್ದರೇ ಹೊರತು ಮಾತು ಬಿಟ್ಟಿರಲಿಲ್ಲ. ಎದೆಗೆ ಕಫ ಕಟ್ಟಿ, ನ್ಯುಮೋನಿಯಾ ಅನ್ನಿಸಿಕೊಂಡು, ಮೈಸೂರಿನ ಆಸ್ಪತ್ರೆಯಲ್ಲಿ ಹದಿಮೂರು ದಿನ ಮಲಗಿದ್ದವರು ಯಳಂದೂರಿನ ಮನೆಗೆ ಮರಳುವಾಗ ಜ್ವರ ಬಿಟ್ಟಿತ್ತು, ಉಸಿರು ಹದಕ್ಕೆ ಬಂದಿತ್ತು. ನಾಲಗೆಯ ರುಚಿಯೊಂದು ಮಾತ್ರ ಅಲ್ಲೇ ಎಲ್ಲೋ ಉಳಿದುಹೋಗಿತ್ತು. ತಟ್ಟೆ ಮುಂದಿಟ್ಟರೆ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಕತ್ತಲಲ್ಲಿ ಬೀಗದ ಕೈ ತಡಕುವವರ ಹಾಗೆ ನಾಲಗೆಯನ್ನು ಅತ್ತಿತ್ತ ಆಡಿಸಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದರು.

"ಮಣ್ಣು."

ಹುರುಳಿಕಟ್ಟಿನ ಸಾರು ಮಣ್ಣು. ಒಬ್ಬಟ್ಟು ಮಣ್ಣು. ಅವರಿಗೆ ಪ್ರಾಣವಾಗಿದ್ದ ಉಪ್ಪುಸಾರು, ಖಾರ, ಬಿಸಿ ಮುದ್ದೆ, ಅದೂ ಮಣ್ಣು. ಹೆಂಡತಿ ದೊಡ್ಡಬಸಮ್ಮ ತಮಗೆ ಬರುವ ಅಡುಗೆಯನ್ನೆಲ್ಲ ಮಾಡಿ ಮುಗಿಸಿದ್ದರು. ಮಾಡಿದ್ದು ಮಾಡಿದ ಹಾಗೆಯೇ ಒಳಗೆ ವಾಪಸು ಬಂದಾಗ ಅವರ ಮುಖ ನೋಡಲು ಸೊಸೆ ಕುಸುಮಳಿಗೆ ಧೈರ್ಯ ಸಾಲುತ್ತಿರಲಿಲ್ಲ.

ಕುಸುಮಳಿಗೆ ಸಾಲದೆ ಇದ್ದದ್ದು ಧೈರ್ಯ ಒಂದೇ ಅಲ್ಲ, ನಿದ್ದೆಯೂ ಹೌದು. ಗಂಡ ಉದಯಕುಮಾರ್ ಬೆಳಗಿನ ಬಸ್ಸಿಗೆ ಹನೂರಿನ ಕಚೇರಿಗೆ ಹೋದರೆ ಮರಳುವುದು ದೀಪ ಹಚ್ಚಿದ ಮೇಲೆ. ಮಗಳನ್ನು ಬೇಸಿಗೆ ರಜೆಗೆಂದು ಹೂಗ್ಯಂನ ತವರಿಗೆ ಕಳಿಸಿಯಾಗಿತ್ತು. ಮಿಕ್ಕಿದ್ದೆಲ್ಲ ಇವಳ ಪಾಲಿಗೆ. ಮಾವನನ್ನು ಎಬ್ಬಿಸಿ ಕೂರಿಸಬೇಕು, ಬೆನ್ನು ಒರೆಸಬೇಕು, ದುಪ್ಪಟಿ ಒಗೆಯಬೇಕು. ಮಾತ್ರೆ, ಎಳನೀರು, ಹಾಲು, ಮತ್ತೆ ಮಾತ್ರೆ. ತಟ್ಟೆ ಹಿಡಿದು ಮುಂದೆ ಕೂತು 'ಇದೊಂದ್ ತುತ್ತು ಮಾವ' ಎಂದು ಬೇಡುವುದೇ ಹೊತ್ತುಹೊತ್ತಿಗೆ ಒಂದು ಗಂಟೆಯ ಕೆಲಸ. ಒಗೆದ ಬಟ್ಟೆ ಹರವುತ್ತ ನಿಂತಲ್ಲೇ ಕಣ್ಣು ಹತ್ತಿ, ಕೈಗೆ ಸಿಕ್ಕ ತಂತಿ ಹಿಡಿದು ಎಚ್ಚೆತ್ತ ದಿನವೂ ಇತ್ತು.

ಆ ಮಧ್ಯಾಹ್ನ ಮಹಾಲಕ್ಷ್ಮಮ್ಮ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದ ಹೆಂಗಸು, ಎರಡು ಬೀದಿ ಆಚೆ ಮನೆ. ಮೈಸೂರಿನ ಡಾಕ್ಟರು ಹೇಳಿದ ಹಾಗೆ ವಾರಕ್ಕೆರಡು ಸಲ ಬಂದು ನೋಡಿ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. ಬಂದವರು ತೂಕದ ಮಿಷನ್ನನ್ನು ನೆಲಕ್ಕಿಟ್ಟು, ಗುರುಪಾದಸ್ವಾಮಿಯವರ ರಟ್ಟೆ ಹಿಡಿದು ಹತ್ತಿಸಿದರು.

"ನಲವತ್ತೇಳು. ಓದ್ವಾರ ನಲವತ್ತೊಂಬತ್ತಿತ್ತು. ಇಂಗಾದ್ರೆ ಎಂಗೆ ಸ್ವಾಮ್ಯೋರೆ? ಈ ಸಲ ಇಳಿದಿದ್ರೆ ಮೂಗಿಂದ ಪೈಪು ಆಕ್ಲೇಬೇಕು ಅಂತ ಡಾಕ್ಟ್ರು ಏಳವ್ರೆ."

"ಪೈಪಲ್ಲಿ ನೀರು ಆಯ್ಸಕೆ ನಾನೇನ್ ಕಬ್ಬಿನ್ ಗದ್ದೆನಾ?"

"ಗದ್ದೆ ಆಗಿದ್ರೆ ಬಾಯ್ಬುಟ್ಟು ಕುಡಿತಿತ್ತು ಬುಡಿ," ಎಂದರು ಮಹಾಲಕ್ಷ್ಮಮ್ಮ, ತೂಕದ ಮಿಷನ್ನು ಎತ್ತಿಕೊಳ್ಳುತ್ತ. "ನುಂಗಕೆ ಏನೂ ತೊಂದ್ರೆ ಇಲ್ಲ. ಅಲ್ಲು ನೋಡುದ್ರೆ ಕಲ್ಲಂಗವೆ. ಎಣ್ಣೇಲಿ ಕರ್ದಿದ್ದೊಂದ್ ಬ್ಯಾಡ, ಕೆಮ್ಮು ಬಂದ್ಬುಡ್ತದೆ. ಬ್ಯಾರೆ ಏನಾರ ತಿನ್ನಿ. ನಾಳೆ ಅನ್ನೊಂದು ಗಂಟೆಗೆ ಬತ್ತೀನಿ. ಅಷ್ಟೊತ್ಗೆ ಎರಡು ಇಡ್ಲಿ ತಿಂದಷ್ಟಾದ್ರೂ ಒಟ್ಟೆಗೆ ಓಗಿರ್ಬೇಕು. ಇಲ್ದಿದ್ರೆ ಪೈಪು ತಕಂಡೇ ಬತ್ತೀನಿ."

ಬಾಗಿಲ ತನಕ ಬಂದ ಕುಸುಮಳಿಗೆ ಅವರು ದನಿ ತಗ್ಗಿಸಿ ಹೇಳಿದರು. "ಪೈಪು ಆಕುದ್ರೆ ನಿಂಗೂ ಸುಲಭ ಕಣವ್ವ. ಪುಡಿ ಕಲ್ಸು, ಉಯ್ದು ಬುಡು. ಬೇಡ್ಕಳದೂ ಇಲ್ಲ, ಬೈಸ್ಕಳದೂ ಇಲ್ಲ. ಕನ್ನಡೀಲಿ ನಿನ್ ಮೊಖ ನೋಡ್ಕಂಡು ಎಷ್ಟ್ ದಿವ್ಸ ಆಯ್ತು?"

ಕುಸುಮ ಹೆಚ್ಚು ಮಾತಾಡುವವಳಲ್ಲ. ಆದರೆ ಗಂಟಲೊಳಗೆ 'ಆಗಲಿ' ಎಂಬ ಮಾತು ಎದ್ದು ಬಂದು ಹಲ್ಲಿನ ಹಿಂದೆಯೇ ನಿಂತದ್ದು ಅವಳಿಗೆ ಗೊತ್ತಾಯಿತು. ಮೂರು ಗಂಟೆಗೊಂದು ಸಲ ಪುಡಿ ಕಲಸುವುದು. ನಡುವೆ ಕಾಲು ಚಾಚಿ ಮಲಗುವುದು. ಹಾಗೆ ಆಸೆಪಟ್ಟದ್ದಕ್ಕೆ ನಾಚಿಕೆಯಾಗಿ ಅವಳು ಒಳಗೆ ಹೋಗಿ ಮಾವನ ದಿಂಬಿನ ಚೀಲ ಬದಲಾಯಿಸಿದಳು. ಅದನ್ನು ಬೆಳಗ್ಗೆಯಷ್ಟೇ ಬದಲಾಯಿಸಿದ್ದಳು.

ಗುರುಪಾದಸ್ವಾಮಿಯವರು ಅವಳ ಕೈಯನ್ನೇ ನೋಡುತ್ತಿದ್ದರು. "ಕುಸುಮವ್ವ, ನಮ್ಮಣ್ಣ ಸದಾಶಿವಪ್ಪನ್ನ ನೀ ನೋಡಿಲ್ಲ. ನೀ ಬರಕ್ ಮುಂಚೆನೇ ಓದ. ನಾಕು ತಿಂಗ್ಳು ಪೈಪಲ್ಲಿ ಇದ್ದ. ನಾನೇ ಕೈಯಾರ ಉಯ್ತಿದ್ದೆ. ಉಯ್ವಾಗ ನನ್ ಬಾಯ್ನೇ ನೋಡನು. ನಾನ್ ಎಲಡ್ಕೆ ಅಗೀತಿದ್ರೆ ಅವ್ನ್ ದವ್ಡೆ ಆಡದು." ಅವಳ ಮುಂಗೈ ಹಿಡಿದು, "ಅದೊಂದ್ ಮಾಡ್ಸಬ್ಯಾಡಿ ಕಣವ್ವ," ಎಂದರು. ಗದ್ದೆಯ ತಮಾಷೆ ಆಗ ಅವರ ದನಿಯಲ್ಲಿ ಇರಲಿಲ್ಲ.

"ಅಂಗಾದ್ರೆ ತಿನ್ನಿ ಮಾವ."

"ತಿನ್ನಕ್ ಆಗ್ತಿಲ್ವಲ್ಲವ್ವ. ಬೇಕೂಂತ ಮಾಡ್ತಿದ್ದೀನಾ?"

ನಾಲ್ಕು ಗಂಟೆಯ ಬಸ್ಸಿಗೆ ಗುರುಪಾದಸ್ವಾಮಿಯವರ ಮಗಳು ಭವ್ಯ ಕೊಳ್ಳೇಗಾಲದಿಂದ ಬಂದಳು. ಒಂದು ಕೈಯಲ್ಲಿ ಮಾವಿನಹಣ್ಣಿನ ಚೀಲ, ಇನ್ನೊಂದರಲ್ಲಿ ರಟ್ಟಿನ ಪೆಟ್ಟಿಗೆ. ಅಪ್ಪನ ಮಂಚದ ತುದಿಯಲ್ಲಿ ಕೂತು ಹತ್ತು ನಿಮಿಷ ಅತ್ತು, ಮುಖ ತೊಳೆದು, ಅಡುಗೆಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಳು. ಒಳಗಿದ್ದದ್ದು ಎರಡು ದಪ್ಪ ತವಾಗಳನ್ನು ಎದುರುಬದುರು ಕೂರಿಸಿ ಕೀಲು ಹಾಕಿದಂಥ ಕರೆಂಟಿನ ಮಿಷನ್ನು. ಒಳಮೈಯೆಲ್ಲ ಚೌಕ ಚೌಕ ಹಲ್ಲು.

"ಏನಮ್ಮಿ ಇದು, ಇಸ್ತ್ರಿ ಪೆಟ್ಗೆಗೆ ಅಲ್ಲು ಬಂದಂಗದೆ?" ಎಂದರು ದೊಡ್ಡಬಸಮ್ಮ.

"ವಾಫಲ್ ಮಿಷನ್ನು ಕಣವ್ವ, ಚೌಕ ಚೌಕದ ದಪ್ಪ ದೋಸೆ ಥರ ಬರುತ್ತೆ. ಮಕ್ಳು ಕುಣುದ್ರು ಅಂತ ತರ್ಸ್ದೆ. ಎರಡ್ ಸಲ ಮಾಡಿ ಅಟ್ಟಕ್ಕೆ ಬಿಸಾಕಿದ್ದೆ. ಅಪ್ಪಾಜಿ ಇದುವರ್ಗೂ ತಿಂದಿಲ್ಲದ್ದು ಏನಾದ್ರೂ ಇದ್ರೆ ಇದೊಂದೇ ಅಂತ ತಂದೆ." ಭವ್ಯ ಅತ್ತಿಗೆಯ ಕಡೆ ತಿರುಗಿದಳು. "ಅಂಗಡಿಗೆ ಹೋಗೋದು ಏನೂ ಬೇಡ ಅತ್ತಿಗೆ. ಡಬ್ಬದಲ್ಲಿರೋದ್ರಲ್ಲೇ ಆಗುತ್ತೆ. ಮೊಟ್ಟೆ ಹಾಕ್ತಾರೆ, ಆದ್ರೆ ನಮ್ಮನೇಲಿ ಹಾಕಂಗಿಲ್ವಲ್ಲ, ಮೊಸರು ಹಾಕಣ."

"ನೀ ಮಾಡಿದ್ದು ಗರಿಯಾಗಿ ಬಂದಿತ್ತಾ?" ಕುಸುಮ ಕೇಳಿದಳು.

"ಎಲ್ಲಿ? ಒದ್ದೆ ಚಪ್ಪಲಿ ಥರ ಇತ್ತು. ನಮ್ಮನೆಯೋರು ತಿಂದು, 'ಇದನ್ನ ಕಾಲ್ಗೆ ಹಾಕ್ಕಬೇಕಾ, ಬಾಯ್ಗೆ ಹಾಕ್ಕಬೇಕಾ' ಅಂದ್ರು." ತನ್ನ ಗಂಡನ ಮಾತಿಗೆ ತಾನೇ ನಕ್ಕಳು. ದೊಡ್ಡಬಸಮ್ಮ ನಗಲಿಲ್ಲ. ಕುಸುಮಳಿಗೆ ನಗುವಷ್ಟು ಶಕ್ತಿ ಇರಲಿಲ್ಲ.

ಅವಳು ಡಬ್ಬಗಳನ್ನು ಇಳಿಸಿದಳು. ಒಂದು ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ಮೈದಾ. ಯಾವತ್ತೋ ಮಗಳಿಗೆ ಗೋಬಿ ಮಂಚೂರಿ ಮಾಡಿದಾಗ ಮಿಕ್ಕಿದ್ದ ಕಾರ್ನ್‌ಫ್ಲೋರ್ ಎರಡು ಚಮಚ. ಚಿಟಿಕೆ ಅಡುಗೆ ಸೋಡ, ಉಪ್ಪು, ಒಂದು ಚಮಚ ಸಕ್ಕರೆ. ಹುಳಿ ಮೊಸರು, ಹಾಲು, ಕಾಯಿಸಿದ ತುಪ್ಪ ಮೂರು ಚಮಚ. ದೋಸೆ ಹಿಟ್ಟಿಗಿಂತ ಒಂಚೂರು ಗಟ್ಟಿಯಾಗಿ ಕಲಸಿದಳು. ಅದೇನೋ ದೋಸೆ ಹುಯ್ದು ಪಳಗಿದ ಕೈ; ಮಿಷನ್ನಿನ ಹಲ್ಲಿಗೆ ತುಪ್ಪ ಸವರಿ, ಒಂದು ಸೌಟು ಹುಯ್ದು, ಮುಚ್ಚಿ, ದೋಸೆಯ ಲೆಕ್ಕದಲ್ಲಿ ಎರಡು ನಿಮಿಷಕ್ಕೆ ತೆರೆದಳು. ಸಂದಿನಿಂದ ಇನ್ನೂ ಬುಸಬುಸ ಹಬೆ ಬರುತ್ತಿತ್ತು. ತೆರೆದರೆ ಅರ್ಧ ಮೇಲಿನ ಹಲ್ಲಿಗೆ, ಅರ್ಧ ಕೆಳಗಿನ ಹಲ್ಲಿಗೆ. ನಡುವೆ ಹಸಿ ಹಿಟ್ಟು ಬಾಯಿ ಬಿಟ್ಟುಕೊಂಡಿತ್ತು.

"ಇದೇ ಆಗ್ತಿತ್ತು ನಂಗೂ!" ಭವ್ಯ ಗೆದ್ದವಳ ಹಾಗೆ ಕೂಗಿದಳು.

ಹೊಸ ಪಾತ್ರೆಯಲ್ಲಿ ಮೊದಲು ಮಾಡಿದ್ದನ್ನು ಮಾದಪ್ಪನಿಗೆ ಇಡದೆ ಆ ಮನೆಯಲ್ಲಿ ಯಾರೂ ಬಾಯಿಗಿಡುವಂತಿಲ್ಲ. ಆದ್ದರಿಂದ ಹಲ್ಲಿನ ಸಂದಿನಿಂದ ಚಮಚದಲ್ಲಿ ಕೆರೆದು ತೆಗೆದ ಆ ಮುದ್ದೆಯೇ ಬಟ್ಟಲಲ್ಲಿ ಕೂತು ದೇವರ ಮನೆಗೆ ಹೋಯಿತು. "ತಪ್ಪಾಯ್ತು ಕಣಪ್ಪ, ಮುಂದ್ಲ ಸಲ ಒಳ್ಳೇದ್ ಇಡ್ತೀವಿ," ಎಂದು ದೊಡ್ಡಬಸಮ್ಮ ಕೆನ್ನೆ ತಟ್ಟಿಕೊಂಡರು.

ಆರು ಗಂಟೆಯ ಬಸ್ಸು ಹಿಡಿಯಲು ಭವ್ಯ ಹೊರಟಳು. ಹೊರಟವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿಗೆ, ಪೈಪು ಹಾಕ್ಸೋದೇ ಆದ್ರೆ ಅಪ್ಪಾಜಿಗೆ ಗೊತ್ತಾಗೋ ಮುಂಚೆ ನಂಗೊಂದು ಫೋನ್ ಮಾಡಿ. ನಾನ್ ಕೈ ಹಿಡ್ಕಂಡ್ ಕೂತಿರ್ತೀನಿ," ಎಂದಳು. ಕುಸುಮ ತಲೆಯಾಡಿಸಿದಳು.

ಭವ್ಯ ಹೋದ ಮೇಲೆ ಬಚ್ಚಲಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮಿಷನ್ನಿನ ಚೌಕಗಳನ್ನು ಒಂದೊಂದಾಗಿ ಉಜ್ಜುತ್ತ ಕುಸುಮ ಕೂತಳು. ಬಿಟ್ಟುಬಿಡಬಹುದಿತ್ತು. ನಾಳೆ ಹನ್ನೊಂದು ಗಂಟೆ ತಾನಾಗಿ ಬರುತ್ತಿತ್ತು, ಯಾರೂ ಅವಳನ್ನು ದೂರುತ್ತಿರಲಿಲ್ಲ. ಆದರೆ ಕಲಸಿದ ಹಿಟ್ಟು ಅರ್ಧ ಪಾತ್ರೆ ಮಿಕ್ಕಿತ್ತು. ಹಿಟ್ಟು ಚೆಲ್ಲುವುದು ಅವಳಿಗೆ ಬಾರದ ಕೆಲಸ.

ಈ ಸಲ ಮಿಷನ್ನನ್ನು ಚೆನ್ನಾಗಿ ಕಾಯಲು ಬಿಟ್ಟಳು. ಹಿಟ್ಟು ಹುಯ್ದಾಗ ಚುಯ್ ಎಂದಿತು. ಮುಚ್ಚಿದ ಮೇಲೆ ಕೈ ಹಾಕದೆ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತಳು. ನಿಜಕ್ಕೂ ಎದ್ದು ತೆರೆಯುವ ತ್ರಾಣ ಇರಲಿಲ್ಲ, ಅಷ್ಟೇ. ಹಬೆ ಮೊದಲು ಬುಸುಗುಟ್ಟಿತು, ಆಮೇಲೆ ಎಳೆಯಾಯಿತು, ಆಮೇಲೆ ನಿಂತೇಹೋಯಿತು. ತೂಕಡಿಕೆ ಒಂದು ಸುತ್ತು ಬಂದು ಹೋದ ಮೇಲೆ ತೆರೆದಳು. ಮುಚ್ಚಳ ತಾನಾಗಿ ಎದ್ದಿತು. ಒಳಗೆ ಇಡಿಯಾದ, ಕೆಂಪಗೆ ಹುರಿದ ಹೆಂಚಿನಂಥದೊಂದು ಕೂತಿತ್ತು. ಉಗುರಿಂದ ತಟ್ಟಿದರೆ ಟಕ್ ಟಕ್ ಅಂದಿತು.

ಮೂರು ಮಾಡಿ ಒಂದರ ಮೇಲೊಂದು ಪೇರಿಸಿ ತಟ್ಟೆಗಿಟ್ಟಳು. ಮಾವ ಸಂಜೆಯ ಲಿಂಗಪೂಜೆಗೆ ಕೂತಿದ್ದರು. ಮಂಚದ ಮೇಲೇ ಕೂತು ಮಾಡಿಕೊಂಡರೂ ಅದಕ್ಕೆ ಅರ್ಧ ಗಂಟೆ ಬೇಕು, ಅದು ಮುಗಿಯದೆ ಹನಿ ನೀರೂ ಮುಟ್ಟುವವರಲ್ಲ. ಅಷ್ಟರಲ್ಲಿ ದೊಡ್ಡಬಸಮ್ಮ ಒಳಗೆ ಬಂದರು, ತೆರೆದಿದ್ದ ತಟ್ಟೆ ನೋಡಿದರು, ಬೋಗುಣಿಯೊಂದನ್ನು ತೆಗೆದು ಬೋರಲು ಮುಚ್ಚಿದರು. ಅದು ಅವರು ಯೋಚಿಸಿ ಮಾಡುವ ಕೆಲಸವೇ ಅಲ್ಲ. ಅವರು ಆ ಮನೆಗೆ ಸೊಸೆಯಾಗಿ ಬಂದ ವರ್ಷ ತೆರೆದಿಟ್ಟ ಸಾರಿಗೆ ಹಲ್ಲಿ ಬಿದ್ದು, ಮನೆ ಮಂದಿಯೆಲ್ಲ ವಾಂತಿ ಮಾಡಿಕೊಂಡು, ಅತ್ತೆಯ ಬಾಯಲ್ಲಿ ಮೂರು ತಿಂಗಳು ಬೈಗುಳ ತಿಂದಿದ್ದರು. ಅಂದಿನಿಂದ ಆ ಅಡುಗೆಮನೆಯಲ್ಲಿ ಉಪ್ಪಿನ ಮರಿಗೆಗೂ ಮುಚ್ಚಳ. "ಮುಚ್ಚದೆ ಇಟ್ಟ ಅಡ್ಗೆ, ಬಾಗ್ಲಿಲ್ದ ಮನೆ," ಎನ್ನುತ್ತಿದ್ದರು. ಕುಸುಮಳೂ ಒಂಬತ್ತು ವರ್ಷದಿಂದ ಮುಚ್ಚಿಯೇ ಇಟ್ಟವಳು. ಅವಳಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಪೂಜೆ ಮುಗಿದ ಮೇಲೆ ತಟ್ಟೆ ಮಾವನ ಮುಂದೆ ಹೋಯಿತು. ಅವರು ಒಂದನ್ನು ಎತ್ತಿ ಹಿಡಿದರು. ಅದು ಹಪ್ಪಳದಂತೆ ನಿಲ್ಲದೆ, ಒದ್ದೆ ಬಟ್ಟೆಯಂತೆ ಎರಡು ಕಡೆಗೂ ಬಾಗಿತು.

"ಇದೇನವ್ವ, ಬದು ಆಕಿರೋ ಗದ್ದೆಯಂಗದೆ?"

"ವಾಫಲ್ಲು ಅಂತಾರೆ ಮಾವ. ಒಂಚೂರು ನೋಡಿ."

ಕಚ್ಚಿದರು, ಎಳೆದರು, ಅಗಿದರು. ಕಣ್ಣು ಮುಚ್ಚಲಿಲ್ಲ. ಕೊನೆಗೆ ತಟ್ಟೆಯ ಅಂಚಿಗೆ ಉಗಿದು, "ಒದ್ದೆ ರಟ್ಟು," ಎಂದರು.

ದೊಡ್ಡಬಸಮ್ಮ ತಟ್ಟೆಯನ್ನು ಸರಕ್ಕನೆ ಎಳೆದುಕೊಂಡರು. "ಇವ್ರಿಗ್ ಮಾಡ್ತೀವಲ್ಲ, ನಮ್ಗೆ ಬುದ್ಧಿ ಇಲ್ಲ. ಪೈಪೇ ಸರಿ!" ಎಂದು ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಮೂಗು ಸೀಟಿದರು.

ಕುಸುಮ ಅಲ್ಲೇ ನಿಂತಿದ್ದಳು. ಬೇಸರಕ್ಕಿಂತ ಹೆಚ್ಚಾಗಿ ಅವಳ ತಲೆಯಲ್ಲಿ ಒಂದು ಸಣ್ಣ ಸಂಗತಿ ಸುಳಿಯುತ್ತಿತ್ತು. ಇಪ್ಪತ್ತೆರಡು ದಿನದಲ್ಲಿ ಮೊದಲ ಸಲ ಮಾವ 'ಮಣ್ಣು' ಅಂದಿರಲಿಲ್ಲ.

ಶುಕ್ರವಾರ ಬೆಳಗ್ಗೆ ಉದಯಕುಮಾರ್ ಬಸ್ಸಿಗೆ ಹೊರಡುವಾಗ ಹೆಂಡತಿ ಹಿಟ್ಟು ಕಲಸುತ್ತಿದ್ದದ್ದು ನೋಡಿ, "ಇನ್ನೂ ಅದೇನಾ? ಬುಡು ಕುಸುಮ, ಸಾಕಾಗಿದೀಯ. ಸಿಸ್ಟರಿಗೆ ನಾನೇ ಫೋನ್ ಮಾಡಿ ಆಕ್ಬುಡಿ ಅಂತೀನಿ," ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

"ಅನ್ನೊಂದು ಗಂಟೆ ಗಂಟ ಬ್ಯಾಡ," ಎಂದಳು ಕುಸುಮ, ತಲೆಯೆತ್ತದೆ.

ಮಾವನ ಬೆಳಗಿನ ಪೂಜೆ ನಡೆಯುತ್ತಿತ್ತು. ಅವಳು ಒಂದು ಮಾಡಿದಳು. ಟಕ್ ಟಕ್ ಅಂದಿತು. ಎರಡನೆಯದು ಹುಯ್ದು ತಿರುಗುವಷ್ಟರಲ್ಲಿ ಅತ್ತೆ ಬಂದು ಬೋಗುಣಿ ಮುಚ್ಚಿ ಹೋಗಿಯಾಗಿತ್ತು. ಎರಡನೆಯದನ್ನು ಇಡಲೆಂದು ಬೋಗುಣಿ ಎತ್ತಿದಾಗ ಅದರ ಒಳಮೈಯಿಂದ ಒಂದು ನೀರಹನಿ ಜಾರಿ ಅವಳ ಮುಂಗೈ ಮೇಲೆ ಬಿತ್ತು. ಬಿಸಿಯಾಗಿತ್ತು. ನೋಡಿದಳು. ಬೋಗುಣಿಯ ತುಂಬ ಬೆವರು. ಕೆಳಗಿದ್ದದ್ದನ್ನು ತಟ್ಟಿದಳು. ಸದ್ದೇ ಇಲ್ಲ.

ಹೂಗ್ಯಂನಲ್ಲಿ ಅವಳ ಅವ್ವ ರಾಗಿ ರೊಟ್ಟಿ ಸುಟ್ಟರೆ ಅದನ್ನು ತಟ್ಟೆಗೆ ಹಾಕುತ್ತಿರಲಿಲ್ಲ. ಒಲೆಯ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದಳು. ಕಾಡಂಚಿನ ಆ ಮನೆಯಲ್ಲಿ ಸಂಜೆ ಹೊತ್ತು ಒಲೆಯ ಸುತ್ತ ರೊಟ್ಟಿಗಳು ಬೆಂಕಿ ಕಾಯಿಸಿಕೊಳ್ಳುವ ಮುದುಕರ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಹಿಟ್ಟಲ್ಲಿ ತಪ್ಪಿರಲಿಲ್ಲ. ಮಿಷನ್ನಲ್ಲೂ ಇರಲಿಲ್ಲ. ಮಿಷನ್ನಿನಲ್ಲಿ ನಿಂತ ಹಬೆ ಬೋಗುಣಿಯ ಕೆಳಗೆ ಮತ್ತೆ ಶುರುವಾಗುತ್ತಿತ್ತು.

ಗೊತ್ತಾದದ್ದು ಸುಲಭ, ಹೇಳುವುದು ಕಷ್ಟ. ಆ ಅಡುಗೆಮನೆಯಲ್ಲಿ ಅವಳು ಇದುವರೆಗೆ ಅತ್ತೆಗೆ ಒಂದು ಮಾತಿಗೂ 'ಬೇಡ' ಅಂದವಳಲ್ಲ. ಜರಡಿಯನ್ನು ಕೆಳಕ್ಕಿಳಿಸಿ ಬೋರಲು ಹಾಕಿ, ಅದರ ಜಾಲರಿಯ ಮೇಲೆ ಎರಡನೆಯದನ್ನು ಇಟ್ಟಳು. ಕೆಳಗೂ ಗಾಳಿ, ಮೇಲೂ ಗಾಳಿ. ಅತ್ತೆ ಬಂದರು. ನೋಡಿದರು. ಬೋಗುಣಿಗೆ ಕೈ ಹಾಕಿದರು.

"ಮುಚ್ಬೇಡಿ ಅತ್ತೆ."

ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ದೊಡ್ಡಬಸಮ್ಮನವರ ಕೈ ಬೋಗುಣಿಯ ಮೇಲೇ ನಿಂತಿತು.

"ಏನಂದೆ?"

"ಮುಚ್ಚಿದ್ರೆ ಬೆವೀತದೆ ಅತ್ತೆ. ಮೆತ್ತಗಾಯ್ತದೆ. ನಿನ್ನೇನೂ ಅದ್ಕೇ ಅಂಗಾಗಿದ್ದು."

"ಅಂದ್ರೆ ಕೆಡ್ಸಿದ್ದು ನಾನು ಅನ್ನು. ನಲವತ್ತೆಂಟು ವರ್ಷ ಈ ಅಡ್ಗೆ ಮನೇಲಿ ಬೆಂದಿದ್ದೀನಿ. ನಾನ್ ಮಾಡಿದ್ದು ಮಣ್ಣಂತೆ, ಮುಚ್ಚಿದ್ದೂ ತಪ್ಪಂತೆ."

ಮುಚ್ಚಿಟ್ಟಿದ್ದ ಮೊದಲನೆಯದನ್ನು ಕುಸುಮ ಅತ್ತೆಯ ಎಡಗೈಗೆ, ಜರಡಿಯ ಮೇಲಿನದನ್ನು ಬಲಗೈಗೆ ಕೊಟ್ಟಳು. ದೊಡ್ಡಬಸಮ್ಮ ಎಡಗೈಯದನ್ನು ಮಡಿಸಿದರು, ಮಡಿಸಿಕೊಂಡಿತು. ಬಲಗೈಯದನ್ನು ಮಡಿಸಿದರು, ಟಪ್ಪನೆ ಮುರಿದು ಚೂರು ಸೆರಗಿನ ಮೇಲೆ ಬಿತ್ತು. ಬಹಳ ಹೊತ್ತು ಎರಡನ್ನೂ ನೋಡುತ್ತ ನಿಂತರು. ತಪ್ಪಾಯಿತು ಅನ್ನುವ ಜಾಯಮಾನ ಅವರದಲ್ಲ. ಮಣೆ ಎಳೆದುಕೊಂಡು ಜರಡಿಯ ಪಕ್ಕ ಕೂತು, ಸೆರಗಿನ ತುದಿಯನ್ನು ಬೀಸಣಿಗೆ ಮಾಡಿಕೊಂಡರು.

"ಅದ್ಯಾಕೆ ಅಂಗ್ ನೋಡ್ತೀಯ? ಮುಚ್ಚಂಗಿಲ್ಲ ಅಂದ್ಮೇಲೆ ನೊಣ ಕಾಯ್ಲೇಬೇಕಲ್ಲ. ನೀ ಹುಯ್ಯಿ."

ಹೀಗೆ ಅತ್ತೆ ನೊಣ ಕಾದರು, ಸೊಸೆ ಹಬೆ ಕಾದಳು. ಹತ್ತೂಕಾಲಿಗೆ ಪೂಜೆ ಮುಗಿಯಿತೆಂಬ ಕೆಮ್ಮು ನಡುಮನೆಯಿಂದ ಕೇಳಿಸಿತು. ಆಗಷ್ಟೇ ಇಳಿಸಿದ್ದೊಂದನ್ನು ಜರಡಿಯ ಸಮೇತ ಎತ್ತಿಕೊಂಡು ಕುಸುಮ ಮಂಚದ ಬಳಿ ಹೋದಳು. ಈ ಸಲ 'ಒಂದ್ ತುತ್ತು ಮಾವ' ಎಂದು ಬೇಡಲಿಲ್ಲ. ಬೇಡಲು ಸಾಕಾಗಿತ್ತು. ಅವರ ಮಡಿಲಲ್ಲಿ ಜರಡಿ ಇಟ್ಟು, ನೆಲದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು.

"ಬೆಲ್ಲದ ಪಾಕ ಏನಾರ ಉಯ್ಲಾ?" ಬಾಗಿಲಲ್ಲಿ ನಿಂತು ದೊಡ್ಡಬಸಮ್ಮ ಕೇಳಿದರು.

"ಬ್ಯಾಡ ಬ್ಯಾಡ. ಗದ್ದೆಯೊಳಕ್ಕೆ ನೀರು ಕಟ್ಬ್ಯಾಡಿ," ಎಂದರು ಗುರುಪಾದಸ್ವಾಮಿ. ಒಂದು ಮೂಲೆ ಮುರಿದರು. ಮುರಿದ ಸದ್ದಿಗೆ ತಾವೇ ಒಂದು ಗಳಿಗೆ ಕೈ ನೋಡಿಕೊಂಡರು. ಬಾಯಿಗಿಟ್ಟರು.

ಕರುಂ ಎಂದಿತು.

ನಡುಮನೆಯಲ್ಲಿ ಆ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಮತ್ತೊಂದು ಮೂಲೆ. ಕರುಂ ಕರುಂ. ದವಡೆ ಆಡುವಾಗ ಅವರ ಬತ್ತಿದ ಕೆನ್ನೆಯಲ್ಲಿ ಎಲುಬು ಎದ್ದು ಇಳಿಯುವುದನ್ನು ಕುಸುಮ ನೋಡುತ್ತಿದ್ದಳು. ನುಂಗಿದರು. ನುಂಗಿದ್ದು ಗಂಟಲಲ್ಲಿ ಕಂಡಿತು. ಉಗಿಯಲಿಲ್ಲ. ಮೂರನೆಯ ಮೂಲೆ ಮುರಿಯುವಾಗ ಕಿಟಕಿಯಾಚೆಯ ಬೀದಿ ನೋಡುತ್ತ, ಬಸ್ಸಿಗೆ ಕಾಯುತ್ತ ಕಡಲೆಕಾಯಿ ಮೆಲ್ಲುವವರ ಹಾಗೆ ಅಗಿಯತೊಡಗಿದ್ದರು. ಜರಡಿ ಬರಿದಾಯಿತು. ಕುಸುಮ ಎದ್ದು ಹೋಗಿ ಇನ್ನೊಂದು ತಂದಳು.

ಮಹಾಲಕ್ಷ್ಮಮ್ಮ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರು. ಬ್ಯಾಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಪೈಪನ್ನು ತೆಗೆದು ಕುರ್ಚಿಯ ಮೇಲಿಟ್ಟು, ಕೈ ತೊಳೆಯಲು ನೀರು ಕೇಳಿದವರು, ಸದ್ದು ಕೇಳಿ ತಿರುಗಿದರು.

"ಏನ್ ಸ್ವಾಮ್ಯೋರೆ, ನಾನು ಬಂದೆ ಅಂತ ನಾಟ್ಕನಾ?"

"ನಾಟ್ಕ ಅಲ್ಲ. ಎರಡ್ನೇದು," ಎಂದರು ದೊಡ್ಡಬಸಮ್ಮ ಬಾಗಿಲಿಂದ. "ಲೆಕ್ಕ ನಾನ್ ಇಟ್ಟಿದ್ದೀನಿ. ಮುಕ್ಕಾಲು ಆಗದೆ." ಅವರು ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದು ನೋಡಿದರು. "ಅಲ್ಲ, ಇದ್ರಲ್ಲಿ ಏನ್ ರುಚಿ ಅದೆ ಅಂತ ತಿಂತಿದ್ದೀರಿ? ಉಪ್ಪಿಲ್ಲ, ಸೀ ಇಲ್ಲ. ನಾನ್ ಮಾಡಿದ್ ಉಪ್ಪುಸಾರು ಮಣ್ಣು. ಇದ್ ಬಂಗಾರನಾ?"

ಗುರುಪಾದಸ್ವಾಮಿ ಬಾಯೊಳಗಿದ್ದದ್ದನ್ನು ಅಗಿದು ಮುಗಿಸಿದರು. ಆಮೇಲೆ ನಿಧಾನವಾಗಿ ಹೇಳಿದರು. "ನಿನ್ ಸಾರು ಎಂಗಿತ್ತು ಅಂತ ನಂಗೊತ್ತು ಕಣೆ. ಬಾಯ್ಗಿಟ್ಟ ತಕ್ಷಣ ಅದನ್ನ ಉಡುಕ್ತೀನಿ. ಸಿಕ್ಕಕಿಲ್ಲ. ಸಿಕ್ದೆ ಇದ್ರೆ ಎಂಗ್ ನುಂಗ್ಲಿ? ಸತ್ತೋರ್ ಮನೆ ಕದ ತಟ್ದಂಗಾಯ್ತದೆ. ಇದು ಎಂಗಿರ್ಬೇಕು ಅಂತ ನಂಗೆ ಗೊತ್ತೇ ಇಲ್ವಲ್ಲ. ಸದ್ದು ಬತ್ತದೆ, ಅಗೀತೀನಿ, ಓಯ್ತದೆ."

ದೊಡ್ಡಬಸಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ, ಆದರೆ ಕೈಯಲ್ಲಿದ್ದ ಮಿಕ್ಕ ಚೂರನ್ನು ಗಂಡನ ಜರಡಿಯೊಳಕ್ಕೆ ಹಾಕಿ, "ಅಂಗಂತ ಅವತ್ತೇ ಬಾಯ್ಬುಟ್ಟು ಏಳಕೇನಾಗಿತ್ತು, ರೋಗ?" ಎಂದರು. ಅವರು ಇಪ್ಪತ್ತೆರಡು ದಿನದ ಭಾರ ಇಳಿಸಿದ್ದು ಹಾಗೆ.

ಮಹಾಲಕ್ಷ್ಮಮ್ಮ ನಾಡಿ ಹಿಡಿದು ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಹೊರಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿ ಬಂದರು. ಕುರ್ಚಿಯ ಮೇಲಿದ್ದ ಪೈಪು ಮತ್ತೆ ಬ್ಯಾಗಿನೊಳಕ್ಕೆ ಹೋಯಿತು. "ಸೋಮ್ವಾರ ಬಂದು ತೂಕ ನೋಡ್ತೀನಿ. ಅಲ್ಲಿ ಗಂಟ ಪೈಪ್ ಬ್ಯಾಡ ಅಂದ್ರು. ಆದ್ರೆ ಬಿಡಂಗಿಲ್ಲ. ಮೂರ್ ಮೂರ್ ಗಂಟೆಗೊಂದ್ ಸಲ ಆಗ್ಬೇಕು. ಹಾಲು, ತುಪ್ಪ, ಕಡ್ಲೆಹಿಟ್ಟು ಏನಾರ ಅದ್ರೊಳಗೇ ಸೇರ್ಸಿ, ಬಲ ಬರ್ಲಿ."

ಅವರನ್ನು ಕಳಿಸಲು ಕುಸುಮ ಗೇಟಿನ ತನಕ ಹೋದಳು. ಮಹಾಲಕ್ಷ್ಮಮ್ಮ ಚಪ್ಪಲಿ ಮೆಟ್ಟುತ್ತ ಅವಳ ಮುಖ ನೋಡಿ, ಭುಜ ತಟ್ಟಿ ನಡೆದರು. ಬ್ಯಾಗು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಕುಸುಮ ಅದನ್ನೇ ನೋಡಿದಳು. ಮನಸ್ಸು ಹಗುರಾಗಿತ್ತು. ಆ ಹಗುರದ ಅಡಿಯಲ್ಲಿ, ಯಾರಿಗೂ ಹೇಳಲಾಗದಂಥ ಒಂದು ಸಣ್ಣ ನಷ್ಟವೂ ಇತ್ತು. ಮೂರು ಗಂಟೆಗೊಂದು ಸಲ ಎಂದರೆ ಬೆಳಗಿನಿಂದ ಮಲಗುವ ತನಕ ಆರು ಸಲ. ಒಂದೊಂದು ಸಲಕ್ಕೆ ಕಲಸುವುದು, ಕಾಯುವುದು, ಆ ಹಾಳು ಹಲ್ಲುಗಳನ್ನು ಉಜ್ಜುವುದು. ಲೆಕ್ಕ ಅಲ್ಲಿಗೇ ಬಿಟ್ಟಳು.

ಕೊಳ್ಳೇಗಾಲದ ಕಡೆಗೆ ಹೋಗುವ ಬಸ್ಸು ದೂಳೆಬ್ಬಿಸಿಕೊಂಡು ಹೋಯಿತು. ಗೇಟಿನ ಕಂಬಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಬಿಸಿಲಿಗೆ ಕಬ್ಬಿಣ ಕಾದಿತ್ತು, ಆದರೂ ಹಿತವಾಗಿತ್ತು. ನಿಂತೇ ನಿದ್ದೆ ಮಾಡಬಹುದು ಅನ್ನಿಸಿತು.

"ಕುಸುಮವ್ವಾ..." ಒಳಗಿನಿಂದ ಮಾವನ ದನಿ. ಬೈಗುಳದ ದನಿಯಲ್ಲ, ಊಟದ ಪಂಕ್ತಿಯಲ್ಲಿ ಬಡಿಸುವವರನ್ನು ಕರೆಯುವ ದನಿ. "ಇನ್ನೊಂದ್ ಆಯ್ತದಾ?"

ಅದರ ಹಿಂದೆಯೇ ಅತ್ತೆಯ ದನಿ. "ಹಿಟ್ಟು ಮುಗ್ದೋಯ್ತು ಕಣ್ರಿ, ಆ ಮಗೂನೂ ಒಂದ್ ಗಳ್ಗೆ ಕೂತ್ಕಳ್ಳಿ, ಸುಮ್ಕಿರಿ!"

"ಕೂತ್ಕಳ್ಳಿ ಬುಡು, ಅವಸ್ರ ಏನಿಲ್ಲ. ನಾನ್ ಕಾಯ್ತೀನಿ."

ಕುಸುಮ ಕಣ್ಣು ತೆರೆಯಲಿಲ್ಲ. "ಬಂದೆ ಮಾವ," ಎಂದಳು, ಅಲ್ಲಿಂದಲೇ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಆಮೇಲೆ ಅಕ್ಕಿಹಿಟ್ಟಿನ ಡಬ್ಬ ಇಳಿಸಲು ಒಳಗೆ ಹೋದಳು.